ಸೀಟಿನ ಕಂಬಿಯ ಮೇಲೆ ಎರಡು ಗೀಟು

ಹೋದ ಭಾನುವಾರ ಹಳೆಯ ಲೇಡೀಸ್ ಸೈಕಲ್ಲಿನ ಸೀಟನ್ನು ಸ್ವಲ್ಪ ಇಳಿಸೋಣವೆಂದು ಸ್ಪ್ಯಾನರ್ ಹಿಡಿದು ಕುಳಿತೆ. ನಟ್ಟು ಸಡಿಲವಾಗುತ್ತಲೇ ತುಕ್ಕು ಮತ್ತು ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬಟ್ಟೆಯಿಂದ ಸೀಟಿನ ಕಂಬಿ ಒರೆಸಿದೆ. ಅಲ್ಲಿ ಉಗುರುಬಣ್ಣದ ಎರಡು ಗೀಟುಗಳಿದ್ದವು, ನಡುವೆ ಮೂರು ಬೆರಳಿನಷ್ಟು ಅಂತರ. ಒಂದು ನನ್ನದು. ಇನ್ನೊಂದು ಸ್ಟ್ಯಾಂಡಮ್ಮನದು...

ಇಪ್ಪತ್ತು ವರ್ಷ ದಾಟಿತು. ಆಗ ನಮ್ಮ ಮನೆ ಮದ್ದೂರಿನಲ್ಲಿ, ನನ್ನ ಡಿಗ್ರಿ ಕಾಲೇಜು ಮಂಡ್ಯದಲ್ಲಿ. ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿದರೆ ಸ್ಟೇಷನ್ನಿನಿಂದ ಕಾಲೇಜಿಗೆ ಎರಡು ಮೈಲಿ. ನಾನು ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವುದನ್ನು ನೋಡಲಾರದೆ ಅಪ್ಪ ಒಂದು ಹಳೆಯ ಸೈಕಲ್ ಕೊಡಿಸಿದರು. ಹಾಗಾಗಿ ರಾತ್ರಿ ನಾನು ಮದ್ದೂರಿನಲ್ಲಿ ಮಲಗುತ್ತಿದ್ದೆ, ನನ್ನ ಸೈಕಲ್ಲು ಮಂಡ್ಯ ಸ್ಟೇಷನ್ನಿನ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ಮಲಗುತ್ತಿತ್ತು.

ಆ ಸ್ಟ್ಯಾಂಡು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಐವತ್ತರ ಆಸುಪಾಸು. ಎಲ್ಲರಿಗೂ ಅವರು ಸ್ಟ್ಯಾಂಡಮ್ಮ. ಕುಳ್ಳಗಿದ್ದರು, ಬಾಯಿ ಮಾತ್ರ ಊರಗಲ. ಅವರಿಗೆ ಚೀಟಿ ಗೀಟಿ ಬೇಕಿರಲಿಲ್ಲ. ಯಾರ ಮುಖಕ್ಕೆ ಯಾವ ಸೈಕಲ್ಲು ಎಂಬುದು ಬಾಯಿಪಾಠ. ರೈಲು ಕೂಗಿದ ಮೇಲೆ ಏದುಸಿರು ಬಿಡುತ್ತಾ ಬಂದವರು ಓಡುವ ಸೈಕಲ್ಲನ್ನು ಅವರತ್ತ ಬಿಟ್ಟು ಪ್ಲಾಟ್‌ಫಾರ್ಮಿಗೆ ಜಿಗಿಯುತ್ತಿದ್ದರು. ಅವರು ಬೈಯುತ್ತಲೇ ಹ್ಯಾಂಡಲ್ ಹಿಡಿದು ನಿಲ್ಲಿಸುತ್ತಿದ್ದರು. ಸಂಜೆ ರೈಲು ಬರುವ ಹೊತ್ತಿಗೆ ಅಷ್ಟೂ ಸೈಕಲ್ಲುಗಳ ಮುಖ ರಸ್ತೆಯ ಕಡೆಗೆ ತಿರುಗಿರುತ್ತಿತ್ತು, ಬಂದವರು ಹತ್ತಿ ಹೊರಡಲಿ ಎಂದು. "ಬುಟ್ಟೋದ ಸೈಕಲ್ನ ಬುಟ್ಟೋದಂಗೇ ಕೊಡ್ಬೇಕು ಕಣಮ್ಮಿ, ಅದೇ ಸ್ಟ್ಯಾಂಡು," ಎನ್ನುತ್ತಿದ್ದರು.

ಬೆಳಗಿನ ಆ ಎರಡು ಮೈಲಿಯೇ ನನಗೆ ದಿನದ ಹಬ್ಬ. ಪೇಟೆ ಬೀದಿಯಲ್ಲಿ ಹೂವಿನವರ ಬುಟ್ಟಿ ತಪ್ಪಿಸಬೇಕು, ಸಿಗ್ನಲ್ ಕೊಡದೆ ತಿರುಗುವ ಆಟೋಗಳನ್ನು ಮನಸಾರೆ ಬೈಯಬೇಕು, ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ಉಸಿರು ಬಿಗಿಹಿಡಿಯಬೇಕು. ಕಬ್ಬು ಅರೆಯುವ ದಿನಗಳಲ್ಲಿ ಟ್ರ್ಯಾಕ್ಟರುಗಳಿಂದ ಕಬ್ಬಿನ ಜಲ್ಲೆಗಳು ರಸ್ತೆಗೆ ಚಾಚಿಕೊಂಡು ಬರುತ್ತಿದ್ದವು. ತಲೆ ಬಗ್ಗಿಸಿದರೆ ಬಚಾವು, ಇಲ್ಲದಿದ್ದರೆ ಕೆನ್ನೆಗೆ ಕಬ್ಬಿನ ಗರಿ. ಕಾಲೇಜು ಮುಟ್ಟುವಷ್ಟರಲ್ಲಿ ಯುದ್ಧ ಗೆದ್ದು ಬಂದವಳ ಠೀವಿ ನನಗೆ.

ಕೊನೆಯ ವರ್ಷದ ಜನವರಿಯಲ್ಲಿ ಒಂದು ವಿಚಿತ್ರ ಶುರುವಾಯಿತು. ಬೆಳಿಗ್ಗೆ ಸೈಕಲ್ ಹತ್ತಿದರೆ ಮಂಡಿ ಎದೆಗೆ ತಾಗುವಂತಾಗುತ್ತಿತ್ತು. ದಿನಾ ಸೀಟು ಒಂದು ಬೆರಳಷ್ಟು ಇಳಿದಿರುತ್ತಿತ್ತು. ಏರಿಸಿ ಬಿಗಿ ಮಾಡಿದರೂ ಮಾರನೇ ದಿನ ಅದೇ ಕಥೆ. ನಟ್ಟು ಸವೆದಿದೆಯೆಂದು ಹೊಸದು ಹಾಕಿಸಿದೆ. ಕೊನೆಗೆ ಸೈಕಲ್ಲಿನ ತಪ್ಪಲ್ಲ, ನಾನೇ ಉದ್ದ ಆಗುತ್ತಿದ್ದೇನೆ ಎಂಬ ತೀರ್ಮಾನಕ್ಕೆ ಬಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅಮ್ಮನ ಕೈಲಿ ಅಳತೆ ಹಾಕಿಸಿಕೊಂಡೆ. "ಇಪ್ಪತ್ತು ತುಂಬುದ್ಮೇಲೆ ಉದ್ದ ಆಯ್ತಳಂತೆ," ಎಂದು ಅಮ್ಮ ವಾರವೆಲ್ಲಾ ನಕ್ಕರು.

ಒಂದು ದಿನ ಪ್ರಾಕ್ಟಿಕಲ್ ಪರೀಕ್ಷೆಗೆಂದು ಎಂದಿಗಿಂತ ಮುಂಚಿನ ರೈಲು ಹಿಡಿದೆ. ಸ್ಟ್ಯಾಂಡಿನ ಅಂಗಳಕ್ಕೆ ಕಾಲಿಟ್ಟರೆ ಸ್ಟ್ಯಾಂಡಮ್ಮ ನನ್ನ ಸೈಕಲ್ ಮೇಲೆ! ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲ್ಬೆರಳಲ್ಲಿ ನೆಲ ಒದೆಯುತ್ತಾ, ಹಲ್ಲು ಕಚ್ಚಿ ಮರದ ಸುತ್ತ ಸುತ್ತುತ್ತಿದ್ದರು. ನನ್ನನ್ನು ಕಂಡದ್ದೇ ಸೀದಾ ಗೋಡೆಗೆ ಹೋಗಿ ಗುದ್ದಿದರು.

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಗೋಡೆಯನ್ನು ತಬ್ಬಿ ನಿಂತ ಅವರನ್ನು ನೋಡಿ ನಗು ತಡೆಯಲಾಗಲಿಲ್ಲ.

"ಬೈಬ್ಯಾಡ ಕಣಮ್ಮಿ," ಎಂದರು. "ರಾತ್ರಿ ಇಲ್ಲೇ ಉಳಿಯೋ ಸೈಕಲಲ್ಲಿ ನಿಂದೊಂದ್ಕೇ ಅಡ್ಡಕಂಬಿ ಇಲ್ದಿರೋದು. ಇಪ್ಪತ್ ವರ್ಸದಿಂದ ಊರೋರ ಸೈಕಲೆಲ್ಲಾ ಇಡ್ಕಂಡಿವ್ನಿ, ಒಂದಿನಾನೂ ಮ್ಯಾಕೆ ಕುಂತಿರ್ನಿಲ್ಲ. ಸೀಟ್ ಇಳಿಸ್ಕಂಡು ಮತ್ತೆ ಎತ್ತಿಡ್ತಿದ್ದೆ, ನಿನ್ನಳತೆ ಸರ್ಯಾಗ್ ಸಿಕ್ತಿರ್ನಿಲ್ಲ."

ಆಸೆಗಷ್ಟೇ ಅಲ್ಲ, ಅವರಿಗೆ ಅದು ಅಗತ್ಯವೂ ಆಗಿತ್ತು. ತಿಂಗಳ ಕೊನೆಗೆ ಸ್ಟ್ಯಾಂಡು ಬೇರೆಯವರ ಪಾಲಾಗಲಿತ್ತು. ಊರಾಚೆಯ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ ಸಿಗುವುದರಲ್ಲಿತ್ತು. ಎಂಟು ಗಂಟೆಗೆ ಒಲೆ ಹಚ್ಚಬೇಕು, ಆ ದಾರಿಗೆ ಮೊದಲ ಬಸ್ಸು ಒಂಬತ್ತೂವರೆಗೆ. ಸೈಕಲ್ ಕಲಿತರೆ ಕೆಲಸ, ಇಲ್ಲದಿದ್ದರೆ ಇಲ್ಲ. ಉಳಿದಿದ್ದದ್ದು ಹನ್ನೆರಡು ದಿನ.

ಮಾರನೇ ದಿನದಿಂದ ನಾನು ಮುಂಚಿನ ರೈಲಿಗೇ ಬರತೊಡಗಿದೆ. ಮನೆಯಿಂದ ಉಗುರುಬಣ್ಣ ತಂದು ಕಂಬಿಗೆ ಎರಡು ಗೀಟು ಎಳೆದೆ. ಅವರ ಎತ್ತರಕ್ಕೊಂದು, ನನ್ನ ಎತ್ತರಕ್ಕೊಂದು. ಸೀಟು ಅವರ ಅಳತೆಗೆ ಇಳಿದಾಗ ನನ್ನ ಗೀಟು ಕೊಳವೆಯೊಳಗೆ ಮರೆಯಾಗುತ್ತಿತ್ತು. ಕಲಿಸುವುದೇನೂ ಸುಲಭವಿರಲಿಲ್ಲ. ಹತ್ತಲು ಅವರಿಗೆ ಒಂದು ಕಲ್ಲು ಬೇಕು, ಇಳಿಯಲು ಒಂದು ಗೋಡೆ ಬೇಕು. "ಬ್ರೇಕ್ ಇಡಿಯಮ್ಮೋ!" ಎಂದು ನಾನು ಕೂಗಿದರೆ, "ಬ್ರೇಕ್ ಇಡುದ್ರೆ ಬೀಳ್ತೀನಿ ಕಣೇ!" ಎಂದು ಅವರು ಅದಕ್ಕಿಂತ ಜೋರಾಗಿ ಕೂಗುತ್ತಿದ್ದರು. ಬಿದ್ದರು, ಮೊಣಕೈ ತರಚಿಕೊಂಡರು, ನನ್ನನ್ನೂ ಒಂದೆರಡು ಸಲ ಕೆಡವಿದರು. ಅಷ್ಟು ನಕ್ಕ ಬೆಳಗುಗಳು ನನಗೆ ಮತ್ತೆ ಸಿಕ್ಕಿಲ್ಲ.

ಹನ್ನೊಂದನೆಯ ದಿನ ಪೇಟೆ ಬೀದಿ ದಾಟಿ ಶಾಲೆಯವರೆಗೆ ಹೋಗಿ ಬರುವ ಪರೀಕ್ಷೆ. ಜೊತೆಗೆ ಬರಲು ನಾನು ಪಕ್ಕದ ಸೈಕಲ್ಲಿಗೆ ಕೈ ಹಾಕಿದೆ.

"ಬ್ಯಾರೇರ ಸೈಕಲ್ ಮುಟ್ಬ್ಯಾಡ," ಎಂದು ಗದರಿದರು.

"ನನ್ದು ಮುಟ್ಟಿದ್ಯಲ್ಲ?"

"ಅದು ತಪ್ಪಾಯ್ತಲ್ಲ, ಒಂದ್ ತಪ್ಪು ಸಾಕು ಬುಡು."

ಹಾಗಾಗಿ ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು ನಾನು ಹಿಂದೆ ಓಡಿದೆ. ಹೂವಿನವರು ಬುಟ್ಟಿ ಎಳೆದುಕೊಂಡರು. ಹೋಟೆಲ್ ಮುಂದೆ ಕಾಫಿ ಕುಡಿಯುತ್ತಿದ್ದವರೆಲ್ಲ ಒಂದಲ್ಲ ಒಂದು ದಿನ ಅವರ ಕೈಗೆ ಸೈಕಲ್ ಬಿಟ್ಟು ಓಡಿದ್ದವರೇ. "ಸ್ಟ್ಯಾಂಡಮ್ಮ ಸೈಕಲ್ ಒಡೀತಾವ್ಳೆ, ನೋಡ್ರಲಾ!" ಎಂದು ಯಾರೋ ಕೂಗಿದರು. ಅಷ್ಟೇ, ಬೀದಿಯುದ್ದಕ್ಕೂ ಬೆಲ್ಲುಗಳ ಸದ್ದು. ಸರ್ಕಲ್ಲಿಗೆ ಬಂದರೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್. ನಿಲ್ಲಿಸಲು ಬಾರದು, ಆಚೆ ರಸ್ತೆಗೆ ತಿರುಗಲು ಧೈರ್ಯವಿಲ್ಲ. ಸರ್ಕಲ್ಲಿಗೆ ಒಂದು ಸುತ್ತು ಬಂದರು. ಎರಡು ಸುತ್ತು. ಮೂರನೆಯದಕ್ಕೆ ಪೊಲೀಸಿನವರು ನಗುತ್ತಾ ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿದು, "ಓಗಮ್ಮ ತಾಯಿ, ತಲೆ ಸುತ್ತದೆ ನಮ್ಗೆ!" ಎಂದರು. ಸ್ಟ್ಯಾಂಡಮ್ಮ ಸರ್ರನೆ ಆಚೆ ರಸ್ತೆಗೆ ತಿರುಗಿ ನನ್ನ ಕಣ್ಣಿಗೆ ಮರೆಯಾದರು. ನಾನು ಏದುಸಿರು ಬಿಡುತ್ತಾ ನಡುರಸ್ತೆಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಅವತ್ತು ಕಾಲೇಜಿಗೆ ನಡೆದೇ ಹೋದೆ, ಮೊದಲ ಕ್ಲಾಸು ತಪ್ಪಿತು, ಲೆಕ್ಕಕ್ಕೇ ಬರಲಿಲ್ಲ.

ಸಂಜೆ ಬಂದರೆ ಸೈಕಲ್ಲು ರಸ್ತೆಗೆ ಮುಖ ಮಾಡಿ ನಿಂತಿತ್ತು. ಪಕ್ಕದಲ್ಲಿ ಸ್ಟ್ಯಾಂಡಮ್ಮ. "ಇಳಿಯಾಕೆ ಬರ್ನಿಲ್ಲ, ಇಸ್ಕೂಲ್ ಕಾಂಪೌಂಡ್ಗೆ ಒರಗಿಸ್ಬುಟ್ಟೆ. ನಾಡಿದ್ದಿಂದ ಕೆಲ್ಸ," ಎಂದು ಹೇಳಿ ಕಣ್ಣೊರೆಸಿಕೊಂಡರು. ಸೈಕಲ್ ನೀನೇ ಇಟ್ಟುಕೋ ಎಂದೆ. ನನಗೆ ಕಾಲೇಜು ಉಳಿದಿದ್ದದ್ದು ಕೆಲವೇ ತಿಂಗಳು, ಕೂತು ಹೋಗಲು ಗೆಳತಿಯ ಸೈಕಲ್ಲಿನ ಕ್ಯಾರಿಯರ್ ಇತ್ತು. ಅವರು ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ, "ಇಟ್ಕಂಡಿರ್ತೀನಿ. ಬುಟ್ಟೋದಂಗೇ ವಾಪಸ್ ಕೊಡ್ತೀನಿ," ಎಂದರು. ನಾನು ನಕ್ಕು ಮರೆತೆ.

ಆಮೇಲೆ ಮದುವೆ, ಮಳವಳ್ಳಿಯಲ್ಲಿ ಕೆಲಸ, ಮತ್ತೆ ಮಂಡ್ಯಕ್ಕೇ ವರ್ಗ... ಆ ಶಾಲೆಗೆ ಒಂದು ಸಲ ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಅದಕ್ಕೆ ನನ್ನ ಹತ್ತಿರ ಒಳ್ಳೆಯ ನೆಪವೂ ಇಲ್ಲ.

ಕಳೆದ ತಿಂಗಳು ನಮ್ಮ ಮನೆ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಇಳಿದ ಹೆಂಗಸು ಮದ್ದೂರಿನಲ್ಲಿ ಅಪ್ಪನನ್ನು ಕೇಳಿ ವಿಳಾಸ ಪಡೆದಿದ್ದರಂತೆ. "ನಾನು ಸ್ಟ್ಯಾಂಡಮ್ಮನ ಮಗಳು ಕಣಕ್ಕ. ಅವ್ವ ತೀರ್ಕಂಡ್ಲು," ಎಂದು ಸೈಕಲ್ ಇಳಿಸಿದರು. ಗಾಳಿ ತುಂಬಿತ್ತು. ಸೀಟು ಎತ್ತರಕ್ಕಿತ್ತು. ಬಿಸಿಲಿಗೆ ಮಾಸಿದ ಅವರ ಗೀಟಿನ ಕೆಳಗೆ, ಕೊಳವೆಯ ಬಾಯಿಗೆ ಸರಿಯಾಗಿ, ನನ್ನ ಗೀಟು. "ಎರಡ್ ವರ್ಸದಿಂದ ಮಂಡಿನೋವು, ತುಳೀತಿರ್ನಿಲ್ಲ. ತುಳಿಯೋದು ಬುಟ್ಟ ದಿನ್ವೇ ಸ್ಪ್ಯಾನರ್ ತರ್ಸಿ ತಾನೇ ಸೀಟ್ ಎತ್ತುದ್ಲು. ಆ ಉಡುಗಿ ಉದ್ದ ಅವಳೆ, ಅವಳ ಗೀಟ್ಗೇ ಇರ್ಬೇಕು ಅಂದ್ಲು," ಎಂದರು ಮಗಳು. ಹೋಗುವ ಮುನ್ನ ಸೈಕಲ್ಲಿನ ಮುಖವನ್ನು ಬೀದಿಯ ಕಡೆಗೆ ತಿರುಗಿಸಿ ನಿಲ್ಲಿಸಿದರು. ನಾನು ಬಾಗಿಲಲ್ಲೇ ಕುಳಿತು ಅತ್ತೆ.

ಆ ಹುಡುಗಿಗೆ ಈಗ ಮಂಡಿನೋವು. ಕಾಲು ನೆಲಕ್ಕೆ ಎಟುಕಿದರೇ ಧೈರ್ಯ. ಅದಕ್ಕೇ ಭಾನುವಾರ ಸೀಟನ್ನು ಅವರ ಗೀಟಿಗೆ ಇಳಿಸಿ ನಟ್ಟು ಬಿಗಿ ಮಾಡಿದೆ. ಸೋಮವಾರ ಬೆಳಿಗ್ಗೆ ಆಫೀಸಿಗೆ ಅದರಲ್ಲೇ ಹೊರಟೆ. ಆಟೋದವರ ಹತ್ತಿರ ಬೈಸಿಕೊಂಡು, ನಾನೂ ಬೈದು, ಪೇಟೆ ಬೀದಿ ದಾಟಿ ಸರ್ಕಲ್ಲಿಗೆ ಬಂದೆ. ಆಚೆ ರಸ್ತೆ ಖಾಲಿಯಿತ್ತು, ಸೀದಾ ಹೋಗಬಹುದಿತ್ತು. ಹೋಗಲಿಲ್ಲ. ಬೆಲ್ ಬಾರಿಸುತ್ತಾ ಮೂರು ಸುತ್ತು ಹಾಕಿದೆ.