ಮಲ್ಲಪ್ಪಣ್ಣ ಹೋದ ಸಾವಿನ ಮನೆ

ಎದುರು ಪಕ್ಷದವರ ವಿಷಯ ಮಾತಾಡಬೇಕಾಗಿ ಬಂದಾಗ ಶಿವಮಲ್ಲಪ್ಪನವರು, ನಮ್ಮ ಮಲ್ಲಪ್ಪಣ್ಣ, ಎದ್ದು ಹೊರಗೆ ಹೋಗಿ, ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಹೊಸದಾಗಿ ಪಕ್ಷಕ್ಕೆ ಸೇರಿದ ಹುಡುಗರು ಇದನ್ನು ತಿರಸ್ಕಾರವೆಂದುಕೊಂಡು ಖುಷಿಪಡುತ್ತಿದ್ದರು. "ಮುದ್ದೇಗೌಡ್ನ ಎಸ್ರು ಕೇಳುತ್ಲೂ ನಮ್ ಅಧ್ಯಕ್ಷರು ಎಂಗ್ ಉಗುದ್ರು ನೋಡ್ಲಾ" ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ವಿಷಯ ಬೇರೆಯೇ ಇತ್ತು.

"ಎಂಜಲು ಬಾಯಲ್ಲಿ ಇನ್ನೊಬ್ರ ಎಸ್ರು ಎತ್ಬಾರ್ದು ಕಣಪ್ಪ ಸಿದ್ರಾಜು" ಎಂದು ಅವರೇ ಒಮ್ಮೆ ನನಗೆ ಹೇಳಿದ್ದರು. "ನಮ್ಮೋರ್ನ ಬೇಕಾದ್ರೆ ಅಗೀತಾ ಅಗೀತಾನೇ ಬೈಬೋದು. ಅವ್ರು ನಮ್ಮನ್ನ ಬುಟ್ಟು ಎಲ್ಲೋಯ್ತರೆ."

ಅವರ ಬಿತ್ತನೆ ಬೀಜದ ಅಂಗಡಿ ಹನೂರಿನಲ್ಲಿ, ಮಾದಪ್ಪನ ಬೆಟ್ಟದ ರಸ್ತೆಗೆ ಮುಖ ಮಾಡಿಕೊಂಡಿತ್ತು. ನಮ್ಮ ಪಕ್ಷದ ತಾಲ್ಲೂಕು ಅಧ್ಯಕ್ಷರಾಗಿ ಅವರು ಹದಿನಾಲ್ಕು ವರ್ಷ ಇದ್ದರು. ಅದರಲ್ಲಿ ಹನ್ನೊಂದು ವರ್ಷ ನಾನು ಅವರ ಕಾರ್ಯದರ್ಶಿ. ಪಕ್ಷದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇರೆ ಪಕ್ಷವಾಗಿದ್ದರೂ ನಡೆದದ್ದು ಹೀಗೇ ನಡೆಯುತ್ತಿತ್ತೇನೋ. ಹಾಗೆಂದು ಅದರಲ್ಲಿ ನನ್ನ ಪಾಲು ಕಡಿಮೆಯಾಗುವುದಿಲ್ಲ.

ಹೊಸ ರಾಗಿ ಬೀಜದ ಚೀಲ ಬಂದರೆ ಮಲ್ಲಪ್ಪಣ್ಣ ಅದನ್ನು ಅಂದೇ ಮಾರುತ್ತಿರಲಿಲ್ಲ. ಒಂದು ಹಿಡಿ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಲ್ಲಾಪೆಟ್ಟಿಗೆಯ ಪಕ್ಕ ಇಡುತ್ತಿದ್ದರು. ಮೊಳಕೆ ಕಂಡ ಮೇಲೆಯೇ ಮಾರಾಟ. ಅಲ್ಲಿಯವರೆಗೆ ಬಂದ ರೈತರಿಗೆ, "ಇನ್ನೂ ನಂಗೇ ಗೊತ್ತಿಲ್ಲ, ನಿಂಗೇನ್ ಏಳ್ಲಿ. ನಾಳಿದ್ದು ಬಾ" ಎನ್ನುತ್ತಿದ್ದರು. ಎದುರಿನ ಅಂಗಡಿಯವನು ಅಷ್ಟರಲ್ಲಿ ಅರ್ಧ ಚೀಲ ಖಾಲಿ ಮಾಡಿರುತ್ತಿದ್ದ. ರಾಜಕೀಯದಲ್ಲೂ ಅವರು ಹೀಗೆಯೇ. ಕಣ್ಣಾರೆ ಕಾಣದ್ದನ್ನು ವೇದಿಕೆಯ ಮೇಲೆ ಹೇಳುತ್ತಿರಲಿಲ್ಲ. ಆದ್ದರಿಂದ ಅವರ ಭಾಷಣ ಬೇಗ ಮುಗಿಯುತ್ತಿತ್ತು. ಚಪ್ಪಾಳೆಯೂ ಕಡಿಮೆ ಬೀಳುತ್ತಿತ್ತು.

ಹಿಂದಿನ ಲೋಕಸಭೆ ಚುನಾವಣೆಯ ಹೊತ್ತಿಗೆ ನಮ್ಮಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದವನು ಜೆಸಿಬಿ ಕುಮಾರ. ಎರಡು ಜೆಸಿಬಿ ಇಟ್ಟುಕೊಂಡು ಕೆರೆ ಹೂಳೆತ್ತುವ ಕಂಟ್ರಾಕ್ಟು ಮಾಡುತ್ತಿದ್ದ. ಪಕ್ಷದ ವಾಟ್ಸಾಪ್ ಗುಂಪುಗಳೆಲ್ಲ ಅವನ ಕೈಯಲ್ಲಿದ್ದವು. ಶಾಗ್ಯದ ಪ್ರಚಾರ ಸಭೆಯಲ್ಲಿ ಅವನು ಎದುರು ಪಕ್ಷದ ತಾಲ್ಲೂಕು ಮುಖಂಡ ಮುದ್ದೇಗೌಡರನ್ನು ಬೈಯುತ್ತಾ ಬೈಯುತ್ತಾ, ಅವರ ತಾಯಿಯ ಮೇಲೆ ಒಂದು ಮಾತು ಆಡಿದ. ಆ ಮಾತನ್ನು ಬರೆಯಲಾರೆ. ಜನ ನಕ್ಕರು. ವೇದಿಕೆಯ ಮೇಲಿದ್ದವರೂ ನಕ್ಕರು. ನಾನೂ ನಕ್ಕೆ, ನೆನಪಿದೆ, ಹಲ್ಲು ಕಾಣುವ ಹಾಗೆ ನಕ್ಕಿದ್ದೆ.

ಮಲ್ಲಪ್ಪಣ್ಣ ಎದ್ದು ಬಂದು ಮೈಕಿಗೆ ಕೈ ಚಾಚಿದರು. ಕುಮಾರ ಕೊಡಬೇಕಾಯಿತು.

"ಈಗ ಆಡಿದ್ ಮಾತು ನಮ್ ಪಕ್ಸದ್ದಲ್ಲ. ಆ ತಾಯಿಗೆ ಎಂಬತ್ತರ ಮೇಲಾಗ್ಯದೆ. ನಂಗೂ ಒಂದೆರ್ಡು ಸಲ ಅನ್ನ ಇಕ್ಕವ್ರೆ. ತಪ್ಪಾಯ್ತು ಅಂತ ನಾನು ಕೇಳ್ಕತೀನಿ. ಈಗ ನಮ್ಗೆ ವೋಟು ಆಕ್ತೀರೋ ಬಿಡ್ತೀರೋ, ಅದು ಆಮೇಲಿನ ಮಾತು."

ಸಭೆ ತಣ್ಣಗಾಯಿತು. ಕೆಳಗಿಳಿದ ಮೇಲೆ ಕುಮಾರ ಎಲ್ಲರಿಗೂ ಕೇಳುವಂತೆ, "ನಮ್ ಅಧ್ಯಕ್ಷರು ಅವ್ರ ಪರ ಪ್ರಚಾರ ಶುರು ಅಚ್ಕಂಡ್ರು ಕಣ್ರಪ್ಪ" ಎಂದ. ಮಲ್ಲಪ್ಪಣ್ಣ ಕೇಳಿಸಿದರೂ ಕೇಳದವರ ಹಾಗೆ ನನ್ನ ಸ್ಕೂಟರಿನ ಹಿಂದೆ ಹತ್ತಿ ಕೂತರು.

ಮತದಾನಕ್ಕೆ ಮೂರು ದಿನ ಇರುವಾಗ ಮುದ್ದೇಗೌಡರ ಆ ತಾಯಿ ತೀರಿಕೊಂಡರು. ಅವತ್ತು ನಾವಿಬ್ಬರೂ ಯಳಂದೂರಿಗೆ ಪಕ್ಷದ ಸಭೆಗೆಂದು ಹೋಗಿ ವಾಪಸು ಬರುತ್ತಿದ್ದೆವು. ಕೊಳ್ಳೇಗಾಲದಲ್ಲಿ ಟೀ ಕುಡಿಯುವಾಗ ಸುದ್ದಿ ಸಿಕ್ಕಿತು. ಮುದ್ದೇಗೌಡರ ಊರು ನಮ್ಮ ದಾರಿಯಲ್ಲೇ.

"ಇಂಥ ಟೈಮಲ್ಲಿ ಬೇಡ ಅಣ್ಣ. ಯಾರಾದ್ರೂ ನೋಡುದ್ರೆ ಬೇರೆ ಅರ್ಥ ಕಟ್ತರೆ" ಎಂದೆ.

"ಸಾವಿಗೆ ಓಗಕೆ ಟೈಮ್ ನೋಡದಾ? ಗಾಡಿ ತಿರುಗ್ಸು."

ಮನೆ ಇನ್ನೂ ನೂರು ಹೆಜ್ಜೆ ದೂರವಿರುವಾಗಲೇ ಅವರು ಗಾಡಿ ನಿಲ್ಲಿಸಲು ಹೇಳಿದರು. ಕೊರಳಲ್ಲಿದ್ದ ಪಕ್ಷದ ಶಾಲು ತೆಗೆದರು. ನನ್ನದನ್ನೂ ತೆಗೆಸಿದರು. "ಸಾವಿನ ಮನೆಗೆ ಪಕ್ಸ ಕಟ್ಕಂಡು ಓಗ್ಬಾರ್ದು." ಎರಡನ್ನೂ ಮಡಿಸಿ ಸೀಟಿನ ಕೆಳಗೆ ಇಟ್ಟೆ. ಇಬ್ಬರೂ ಒಳಗೆ ಹೋದೆವು. ಇದನ್ನು ಮತ್ತೊಮ್ಮೆ ಬರೆಯುತ್ತೇನೆ: ಇಬ್ಬರೂ ಹೋದೆವು. ಹೆಣದ ಪಾದಕ್ಕೆ ಕೈಮುಗಿದು ಹತ್ತು ನಿಮಿಷ ಜಗಲಿಯ ಮೇಲೆ ಕೂತೆವು. ನನಗೂ ಮಲ್ಲಪ್ಪಣ್ಣನಿಗೂ ನಡುವೆ ಒಂದು ಗೇಣು ಜಾಗ ಇರಲಿಲ್ಲ. ಅಲ್ಲಿ ನಡೆದ ಮಾತು ಇಷ್ಟೇ.

ಮಲ್ಲಪ್ಪಣ್ಣ ಮೆಲ್ಲಗೆ ಕೇಳಿದರು: "ಗೌಡ್ರೇ, ಶಾಗ್ಯದಲ್ಲಿ ಆಡುದ್ ಮಾತು ಅವ್ವನ ಕಿವಿಗೆ ಬಿತ್ತಾ?"

"ಇಲ್ಲ ಮಲ್ಲಪ್ಪೋರೇ. ಅವ್ವುಂಗೆ ಕಿವಿ ಕೇಳ್ತಿರ್ಲಿಲ್ಲ. ನಾವೂ ಏಳ್ಲಿಲ್ಲ."

"ಸದ್ಯ" ಎಂದರು ಮಲ್ಲಪ್ಪಣ್ಣ.

ಹೊರಡುವಾಗ ಮುದ್ದೇಗೌಡರು ಬಾಗಿಲವರೆಗೆ ಬಂದು ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡರು. ಸಾವಿನ ಮನೆಯಲ್ಲಿ ಯಾರೂ 'ಹೋಗಿ ಬರ್ತೀನಿ' ಎನ್ನುವುದಿಲ್ಲ. ಹಾಗಾಗಿ ನಾವು ಏನೂ ಹೇಳದೆ, ಹಿಂತಿರುಗಿಯೂ ನೋಡದೆ ಹೊರಟುಬಂದೆವು. ಅಂಗಳದಲ್ಲಿ ಯಾರೋ ಮೊಬೈಲು ಎತ್ತಿದ್ದು ಕಂಡಿತ್ತು. ಹೆಣದ ಫೋಟೋ ತೆಗೆಯುತ್ತಿದ್ದಾರೆ ಎಂದುಕೊಂಡೆ.

ಚುನಾವಣೆ ಸೋತೆವು. ನಮ್ಮ ತಾಲ್ಲೂಕಿನ ಬೂತುಗಳಲ್ಲಿ ನಿರೀಕ್ಷೆಗಿಂತ ಬಹಳ ಕೆಳಗೆ ಹೋದೆವು. ಸುಮಾರು ಒಂದು ತಿಂಗಳಿಗೆ ಇಂಗ್ಲೆಂಡಿನಲ್ಲೂ ಚುನಾವಣೆ ಆಯಿತು. ಮಲ್ಲಪ್ಪಣ್ಣ ಅಂಗಡಿಯಲ್ಲಿ ಕೂತು ಅದನ್ನು ಮೊಬೈಲಿನಲ್ಲಿ ನೋಡುತ್ತಿದ್ದರು. ಅವರ ಇಂಗ್ಲಿಷು ಗೊಬ್ಬರದ ಚೀಲದ ಮೇಲಿನ ಅಕ್ಷರ ಓದುವಷ್ಟೇ. ಆದರೆ ನನ್ನನ್ನು ಕರೆದು ಕೂರಿಸಿಕೊಂಡು ಎರಡೆರಡು ಸಲ ತೋರಿಸಿದರು. ಅಲ್ಲಿ ಎಣಿಕೆ ಮುಗಿದ ಮೇಲೆ ನಿಂತವರೆಲ್ಲ ಒಂದೇ ವೇದಿಕೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಗೆದ್ದವನ ಪಕ್ಕದಲ್ಲೇ ಸೋತವನು. ಸೋತ ಪ್ರಧಾನಿ ತನ್ನ ಮನೆಯ ಬಾಗಿಲಲ್ಲಿ ನಿಂತು ಜನರ ಕ್ಷಮೆ ಕೇಳಿ, ತನ್ನನ್ನು ಸೋಲಿಸಿದವನ ಬಗ್ಗೆ ಒಳ್ಳೆಯ ಮಾತಾಡಿ, ಪಕ್ಷದ ನಾಯಕತ್ವವನ್ನೂ ಬಿಡುವುದಾಗಿ ಹೇಳುತ್ತಿದ್ದ. ನಾನು ಅರ್ಥ ಹೇಳಿದೆ.

"ನಮ್ಮನ್ನ ಆಳ್ಕಂಡ್ ತಿಂದೋರು. ಅವ್ರ ಮೇಲೆ ನಂಗೇನ್ ಪ್ರೀತಿ ಇಲ್ಲ" ಎಂದರು ಮಲ್ಲಪ್ಪಣ್ಣ. "ಆದ್ರೆ ಸೋಲದು ಎಂಗೆ ಅಂತ ನೋಡ್ಕ. ಗೆಲ್ಲದ್ನ ಯಾವನಾದ್ರೂ ಮಾಡ್ತನೆ."

"ಅಲ್ಲೂ ಒಳಗೊಳಗೆ ಬೈತಿರ್ತರೆ ಬುಡಣ್ಣ" ಎಂದೆ.

"ಬೈಲಿ. ಬಾಗ್ಲಲ್ಲಿ ನಿಂತ್ಕಂಡು ಏಳುದ್ನಲ್ಲ, ಅದು ಮುಖ್ಯ. ಬರಿ, ನಂದೂ ಒಂದು ಬರಿ."

ಅವರ ರಾಜೀನಾಮೆಯನ್ನು ನಾನೇ ಬರೆದೆ. ಸೋಲಿನ ಹೊಣೆ ನನ್ನದು, ಕಾರ್ಯಕರ್ತರ ತಪ್ಪೇನೂ ಇಲ್ಲ ಎಂಬ ನಾಲ್ಕು ಸಾಲು. ಮರುದಿನದ ಆತ್ಮಾವಲೋಕನ ಸಭೆಯಲ್ಲಿ ಅದನ್ನು ಓದಿ ಮರ್ಯಾದೆಯಿಂದ ಕೆಳಗಿಳಿಯುವುದು ಅವರ ಆಸೆ. ಹದಿನಾಲ್ಕು ವರ್ಷಕ್ಕೆ ಅವರು ಬೇಡಿದ್ದು ಅಷ್ಟನ್ನೇ.

ಸಭೆ ಹನೂರಿನ ಒಂದು ಸಮುದಾಯ ಭವನದಲ್ಲಿ. ಮಲ್ಲಪ್ಪಣ್ಣ ಕಾಗದ ಹಿಡಿದು ಎದ್ದವರು, ಮೊದಲು ಇಂಗ್ಲೆಂಡಿನಲ್ಲಿ ಸೋತವರು ಹೇಗೆ ನಡೆದುಕೊಂಡರು ಎಂದು ಹೇಳತೊಡಗಿದರು. ಹಿಂದಿನ ಸಾಲಿನಿಂದ ಕುಮಾರನ ದನಿ ಬಂತು.

"ಇಂಗ್ಲೆಂಡ್ ಕತೆ ಬುಡಿ ಸಾ. ಮುದ್ದೇಗೌಡ್ರ ಮನೆ ಕತೆ ಏಳಿ."

ನಗು ಎದ್ದಿತು. ಅದರ ಜೊತೆಗೇ ಎಲ್ಲರ ಮೊಬೈಲೂ ಸದ್ದು ಮಾಡಿದವು. ಗುಂಪಿನಲ್ಲಿ ಫೋಟೋ ಬಂದಿತ್ತು: ಮುದ್ದೇಗೌಡರು ಎರಡೂ ಕೈಯಿಂದ ಮಲ್ಲಪ್ಪಣ್ಣನ ಕೈ ಹಿಡಿದಿದ್ದಾರೆ. ಮಲ್ಲಪ್ಪಣ್ಣನ ಕೊರಳು ಬರಿದು. ಕೆಳಗೆ ಬರೆದಿತ್ತು: 'ಶಾಲು ಬಿಚ್ಚಿಟ್ಟು ಹೋದ ನಮ್ಮ ಅಧ್ಯಕ್ಷರು.'

"ಮೂರು ದಿವ್ಸ ಇತ್ತು ವೋಟಿಗೆ. ಶಾಲು ಯಾಕ್ ಬಿಚ್ದೆ ಏಳ್ಲಾ" ಎಂದು ಒಬ್ಬ ಎದ್ದ. ಅವನ ಅಪ್ಪನ ವಯಸ್ಸಿನವರು ಮಲ್ಲಪ್ಪಣ್ಣ. "ಮನೆ ಮುರುಕ" ಎಂದ ಇನ್ನೊಬ್ಬ. "ಅವ್ರ ಎಂಜಲು ನೆಕ್ಕೋ ನಾಯಿ" ಎಂದ ಮತ್ತೊಬ್ಬ. ಇವರಲ್ಲಿ ಕೆಲವರಿಗೆ ಮಲ್ಲಪ್ಪಣ್ಣ ಮೊಳಕೆ ನೋಡಿ ಬೀಜ ಕೊಟ್ಟಿದ್ದರು.

"ಆ ಮನೇಲಿ ಎಣ ಇತ್ತು ಕಣ್ರಪ್ಪ. ತಾಯಿ ತೀರೋಗಿದ್ರು" ಎಂದರು ಅವರು.

"ಆಗಿದ್ರೆ ಬೆಟ್ಟಕ್ಕೆ ಬನ್ನಿ" ಎಂದ ಕುಮಾರ. "ಮಾದಪ್ಪನ ಮುಂದೆ ಕರ್ಪೂರ ಅಚ್ಚಿ ಆಣೆ ಮಾಡಿ. ಒಳಗಡೆ ರಾಜಕೀಯ ಮಾತಾಡ್ಲಿಲ್ಲ ಅಂತ ಏಳಿ. ನಾವೇ ನಿಮ್ ಕಾಲಿಗೆ ಬೀಳ್ತೀವಿ."

ನಮ್ಮ ಕಡೆ ಮಾದಪ್ಪನ ಆಣೆಗೆ ಕರೆದಾಗ ಹೋಗದವನು ತಪ್ಪು ಒಪ್ಪಿಕೊಂಡ ಹಾಗೆಯೇ. ಅವರು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಮಾಡಕಿಲ್ಲ" ಎಂದರು ಮಲ್ಲಪ್ಪಣ್ಣ. "ಸಾವಿಗೆ ಓಗಿದ್ಕೆ ನಾನು ಇವತ್ತು ಆಣೆ ಇಕ್ಕುದ್ರೆ, ನಾಳಿಂದ ನಮ್ಮೋರು ಅವ್ರ ಸಾವಿಗೆ ಓಗಲ್ಲ, ಅವ್ರು ನಮ್ಮೋರ್ ಸಾವಿಗೆ ಬರಲ್ಲ. ಆ ಕೆಲ್ಸ ನನ್ ಕೈಲಿ ಬೇಡ."

ಗದ್ದಲವೆದ್ದಿತು. ಆಗ ಪಕ್ಷದ ಹಿರಿಯರೊಬ್ಬರು, ಮಲ್ಲಪ್ಪಣ್ಣನನ್ನು ಉಳಿಸಲೆಂದೇ ಇರಬೇಕು, ಕೈ ಎತ್ತಿ ನನ್ನ ಕಡೆ ತಿರುಗಿದರು. "ಸಿದ್ರಾಜು, ಅವತ್ತು ಯಳಂದೂರಿಗೆ ನೀವಿಬ್ರೂ ಒಟ್ಗೇ ಓಗಿದ್ರಲ್ಲ. ನೀನೂ ಆ ಮನೆ ಒಳಕ್ಕೋಗಿದ್ಯಾ? ನೀನು ಏಳ್ಬುಡು, ಸಾಕು."

ಫೋಟೋದ ಬಲತುದಿಯಲ್ಲಿ ಒಂದು ಕೈ ಮಾತ್ರ ಇದೆ. ಮಣಿಕಟ್ಟಿನಲ್ಲಿ ಕಂದು ಪಟ್ಟಿಯ ಗಡಿಯಾರ. ಅದು ನನ್ನದು. ಯಾರೂ ಗಮನಿಸಿರಲಿಲ್ಲ. ನಾನು ಮಾತ್ರ ಕಂಡಿದ್ದೆ. ಆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೆ. 'ನಾಯಿ' ಎಂದ ದನಿ ಇನ್ನೂ ಕಿವಿಯಲ್ಲಿತ್ತು. ಮುಂದಿನ ಮಾತು ನನ್ನ ಮೇಲೆ ಬೀಳುತ್ತದೆ ಎಂದಷ್ಟೇ ಆಗ ಯೋಚಿಸಿದ್ದು.

"ನಾನು ಗಾಡಿ ಅತ್ರ ಇದ್ದೆ. ಒಳಗಡೆ ಏನ್ ನಡೀತು ನಂಗೆ ಗೊತ್ತಿಲ್ಲ" ಎಂದೆ.

ಮಲ್ಲಪ್ಪಣ್ಣ ನನ್ನನ್ನು ನೋಡಿದರು. ಕೋಪ ಇರಲಿಲ್ಲ. ಯಾವುದೋ ಚೀಲದ ಬೀಜ ಹುಟ್ಟಲಿಲ್ಲವೆಂದು ಗೊತ್ತಾದಾಗ ಅವರು ಹೀಗೆ ನೋಡುವುದನ್ನು ಕಂಡಿದ್ದೆ. 'ಸಿದ್ರಾಜು ಸುಳ್ಳು ಏಳ್ತಾವ್ನೆ' ಎಂದು ಅವರು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ರಾಜೀನಾಮೆಯ ಕಾಗದವನ್ನು ಓದದೆಯೇ ಮೇಜಿನ ಮೇಲಿಟ್ಟು, ಬಾಗಿಲವರೆಗೆ ನಡೆದು, ಚಪ್ಪಲಿ ಹುಡುಕಿದರು. ಯಾರೋ ಅದನ್ನು ದೂರ ಎಸೆದಿದ್ದರು. ಅವರು ಬರಿಗಾಲಿನಲ್ಲಿ ಅಂಗಡಿಯವರೆಗೆ ನಡೆದು ಹೋದದ್ದನ್ನು ಕಿಟಕಿಯಿಂದ ನೋಡಿದೆ.

ಎರಡು ವಾರದ ಮೇಲೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಹೆಸರು ಸೂಚಿಸಿದವನು ಕುಮಾರ. ಬೇಡವೆನ್ನಲು ಒಂದು ದಿನದ ಸಮಯ ಕೊಟ್ಟಿದ್ದರು. ನಾನು ಆ ದಿನವನ್ನು ಪೂರ್ತಿ ಬಳಸಿಕೊಂಡು, ಸಂಜೆಗೆ ಒಪ್ಪಿದೆ.

ಆಮೇಲೆ ಅಂಗಡಿಯ ಮುಂದೆ ಹಾದುಹೋಗುವಾಗ ಗಾಡಿ ಜೋರು ಮಾಡುತ್ತಿದ್ದೆ. ಅವರನ್ನು ಕೊನೆಯದಾಗಿ ಕಂಡದ್ದು ಯಳಂದೂರಿನ ಬಸ್ ನಿಲ್ದಾಣದಲ್ಲಿ, ಒಂದು ಮಧ್ಯಾಹ್ನ. ತಂಗಿಯ ಮನೆಗೆ ಹೋಗಲು ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದರು. ಬಹಳ ಇಳಿದುಹೋಗಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು, "ಬನ್ನಿ ಅಧ್ಯಕ್ಷರೇ, ಕೂತ್ಕಳಿ" ಎಂದರು. ಹನ್ನೊಂದು ವರ್ಷ ನನ್ನನ್ನು 'ನೀನು' ಎಂದವರು. ಅದರಲ್ಲಿ ಕುಹಕವಿರಲಿಲ್ಲ, ಹುದ್ದೆಗೆ ಕೊಡುವ ಮರ್ಯಾದೆಯನ್ನು ಅವರು ಕೊಡುತ್ತಿದ್ದರು.

ಕೂತೆ. "ಅಣ್ಣ, ಅವತ್ತು ಸಭೇಲಿ ನಾನು ಸುಳ್ಳು ಏಳ್ದೆ. ನಾನು ಒಳಗೇ ಇದ್ದೆ."

ಅವರು ನನ್ನ ಕಡೆ ತಿರುಗಲಿಲ್ಲ. ಬಸ್ಸು ಬರುವ ದಿಕ್ಕು ನೋಡುತ್ತಲೇ ಹೇಳಿದರು: "ಇಲ್ಲಿ ನಾನೊಬ್ನೇ ಇವ್ನಿ. ನಂಗೆ ಗೊತ್ತಿರೋ ಮಾತ್ನೇ ನಂಗೇನ್ ಏಳೀರಿ. ಗೊತ್ತಿಲ್ದೋರು ಅನೂರಲ್ಲಿ ಅವ್ರೆ."

"ಏಳ್ತೀನಿ ಅಣ್ಣ. ಮುಂದಿನ ಸಭೇಲಿ ಏಳ್ತೀನಿ."

"ಆಣೆ ಗೀಣೆ ಏನೂ ಬೇಡ" ಎಂದರು. ಸ್ವಲ್ಪ ನಕ್ಕರು. "ಒಂದ್ ಮಾತು ಏಳಿ, ಸಾಕು. ನನ್ ಮೊಮ್ಮಗ್ಳು ಆ ಫೋಟೋ ನೋಡವ್ಳೆ. ಏನ್ ತಾತ ಇದು ಅಂತ ಕೇಳ್ತಳೆ."

ಬಸ್ಸು ಬಂತು. ಅವರ ಚೀಲವನ್ನು ಎತ್ತಿಕೊಡಲು ಹೋದೆ. "ಅಗುರಾಗೇ ಅದೆ, ಬುಡಿ" ಎಂದು ತಾವೇ ತೆಗೆದುಕೊಂಡು ಹತ್ತಿದರು.

ಅದಾದ ಮೇಲೆ ಮೂರು ಸಭೆ ನಡೆದವು. ಮೂರಕ್ಕೂ ನನ್ನದೇ ಅಧ್ಯಕ್ಷತೆ. ಮೊದಲನೆಯದರಲ್ಲಿ ಜಿಲ್ಲೆಯವರು ಬಂದಿದ್ದರು, ಅವರೆದುರು ಬೇಡ ಎನಿಸಿತು. ಎರಡನೆಯದರಲ್ಲಿ ಸದಸ್ಯತ್ವದ ವಿಷಯವೇ ಹೊತ್ತು ತಿಂದಿತು. ಮೂರನೆಯದು ಮಲ್ಲಪ್ಪಣ್ಣನ ಶ್ರದ್ಧಾಂಜಲಿ ಸಭೆ.

ಎಲ್ಲರೂ ಹೊಗಳಿದರು. ಕುಮಾರನೂ ಹೊಗಳಿದ, ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಕೊನೆಗೆ, "ಪಾಪ, ಎಂಥ ಮನುಷ್ಯ. ಅದೊಂದು ಫೋಟೋ ಇಲ್ದಿದ್ರೆ ಒಂದು ಕಪ್ಪುಚುಕ್ಕೆ ಇರ್ಲಿಲ್ಲ ಕಣ್ರಿ" ಎಂದು ನನ್ನ ಕಡೆ ನೋಡಿದ. ಸಭೆಯೂ ನೋಡಿತು. ಮೂರನೇ ಸಾಲಿನಲ್ಲಿ ಅವರ ಮೊಮ್ಮಗಳು ಕೂತಿದ್ದಳು. ನಾನು ಮೈಕಿನ ಮುಂದೆಯೇ ನಿಂತಿದ್ದೆ.

"ಈಗ್ಯಾಕೆ ಅದೆಲ್ಲ, ಬುಡಿ" ಎಂದೆ.

ಮುಂದಿನ ಸಾಲಿನಲ್ಲಿದ್ದ ಹಿರಿಯರು ತಲೆದೂಗಿದರು. "ಸತ್ತೋರ್ ತಪ್ನ ಎತ್ಬಾರ್ದು ಅಂತಾವ್ರೆ. ದೊಡ್ ಗುಣ ನಮ್ ಅಧ್ಯಕ್ಷರ್ದು" ಎಂದು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು.