ಬಾವಿ ಪಟ್ಟಿಯ ಪಚಡಿ

ನನ್ನ ಓರಗಿತ್ತಿಯನ್ನು ಹೊಗಳುವುದು ನನಗೆ ಅಷ್ಟು ಸುಲಭದ ಕೆಲಸವಲ್ಲ. ಒಂದೇ ಮನೆಯ ಇಬ್ಬರು ಸೊಸೆಯರಲ್ಲಿ ಒಬ್ಬಳು ಇನ್ನೊಬ್ಬಳನ್ನು ಬಾಯಿತುಂಬ ಹೊಗಳಿದರೆ, ಇದರ ಹಿಂದೆ ಏನೋ ಇದೆ ಎಂದು ಕೇಳಿದವರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಆಕೆ ನನಗಿಂತ ಚಿಕ್ಕವಳು, ನನಗಿಂತ ಚುರುಕು, ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡಿರುವ ವಿದ್ಯೆಯೂ ಆಕೆಗೆ ಗೊತ್ತು. ಆ ವಿದ್ಯೆ ನನಗೆ ಇವತ್ತಿನವರೆಗೂ ಹತ್ತಿಲ್ಲ.

ನಮ್ಮದು ಇಂಡಿಯಲ್ಲಿ ಬಟ್ಟೆ ಅಂಗಡಿ. ಗಂಡನ ಊರು ಬಸವನ ಬಾಗೇವಾಡಿ ಹತ್ತಿರದ ಒಂದು ಹಳ್ಳಿ. ಅಲ್ಲಿ ಮಾವ, ಮೈದುನ ಮತ್ತು ಮೈದುನನ ಹೆಂಡತಿಯಾದ ಈ ಓರಗಿತ್ತಿ ಹೊಲ ನೋಡಿಕೊಂಡು ಇದ್ದಾರೆ. ಅತ್ತೆ ತೀರಿಕೊಂಡ ಮೇಲೆ ಮನೆಯೆಲ್ಲ ಆಕೆಯ ಕೈಯಲ್ಲೇ. ಆಕೆಯ ತವರು ಕೃಷ್ಣೆಯ ದಂಡೆಯ ತಂಗಡಗಿ. ಹೊಳೆ ನೋಡುತ್ತ ಬೆಳೆದವಳಿಗೆ ನಮ್ಮ ಎರೆಹೊಲದಲ್ಲಿ ಕಣ್ಣು ಹರಿಯುವಷ್ಟೂ ಜೋಳ, ಕಡಲೆ, ಕುಸುಬೆ ಬಿಟ್ಟರೆ ಬೇರೇನೂ ಕಾಣದೆ ಮೊದಲ ವರ್ಷ ಬಹಳ ಬೇಸರವಾಗಿತ್ತಂತೆ. ಬಾವಿಯ ಪಕ್ಕ ನೀರು ಹಾಯುವ ಒಂದು ಸಣ್ಣ ಪಟ್ಟಿ ಇತ್ತು. ಹೋದ ವರ್ಷ ಅದನ್ನು ಮಾವನ ಹತ್ತಿರ ಒಂದು ಹಂಗಾಮಿಗೆಂದು ಕೇಳಿಕೊಂಡು ಕಾಯಿಪಲ್ಲೆ ಹಾಕಿದಳು. ಗಜ್ಜರಿ, ಅಂದರೆ ಕ್ಯಾರೆಟ್, ಬಿತ್ತಿದಳು, ಮುದ್ದೇಬಿಹಾಳದ ನರ್ಸರಿಯಿಂದ ಕೋಬಿಯ, ಅದೇ ಎಲೆಕೋಸಿನ, ಸಸಿ ತಂದು ನೆಟ್ಟಳು. ನರ್ಸರಿಯವನು ಬೀಜದ ಪೊಟ್ಟಣವೊಂದನ್ನು ಹೆಚ್ಚಿಗೆ ಕೊಟ್ಟು, ಇದು ಕೇಲ್ ಸೊಪ್ಪು, ಹಾಕಿ ನೋಡಿ ಎಂದನಂತೆ. ಆಕೆ ಹಾಕಿ ನೋಡಿದಳು. ತಕರಾರು ಶುರುವಾದದ್ದೇ ಆ ಸೊಪ್ಪಿನಿಂದ.

ಎಳ್ಳ ಅಮಾವಾಸ್ಯೆಗೆ ನಾವು ತಪ್ಪದೆ ಊರಿಗೆ ಹೋಗುತ್ತೇವೆ. ಅಂದು ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಅದೇ ಅಡಿಗೆಯನ್ನು ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಅಲ್ಲೇ ಕೂತು ಉಣ್ಣುವುದು. ಅಕ್ಕಪಕ್ಕದ ಹೊಲದವರು, ಊರವರು, ಬೀಗರು ಬಿಜ್ಜರು ಯಾರು ಬಂದರೂ ಊಟ. ಆ ಸಲ ನಾನು ಎರಡು ದಿನ ಮುಂಚೆಯೇ ಹೋದೆ. ಬಾವಿಯ ಹತ್ತಿರ ಕರೆದೊಯ್ದು ಪಟ್ಟಿ ತೋರಿಸಿದಳು. ಕೋಬಿ ಗಡ್ಡೆ ಬಿಗಿದಿದ್ದವು, ಗಜ್ಜರಿಯ ತಲೆಗಳು ಮಣ್ಣಿನಿಂದ ಕೆಂಪಗೆ ಇಣುಕಿದ್ದವು. ಇನ್ನೊಂದು ಸಾಲಿನಲ್ಲಿ ಆ ಕೇಲ್, ಅಂಚಿಗೆಲ್ಲ ಝಾಲರು ಹಚ್ಚಿದಂತೆ ಸುಕ್ಕು ಸುಕ್ಕಾಗಿ ಎದ್ದು ನಿಂತಿತ್ತು. ಅಂಗಡಿಯಲ್ಲಿ ಕೂತು ಬಂದ ಚಟ, ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದೆ. ಗಂಜಿ ಹಾಕಿದ ಹೊಸ ಬಟ್ಟೆಯ ಹಾಗೆ ಪೆಡಸಾಗಿತ್ತು.

ಅಂದು ಸಂಜೆ ಊಟಕ್ಕೆ ಕೂತಾಗ ಆಕೆ ಮಾಡಿದ ತಪ್ಪನ್ನು ನಮ್ಮ ಕಡೆಯವರೇ ಮಾಡಬೇಕು. ನಮ್ಮಲ್ಲಿ ಹಕ್ಕರಿಕೆ ಸೊಪ್ಪನ್ನು ಯಾರೂ ಹೆಚ್ಚುವುದಿಲ್ಲ, ಬೇಯಿಸುವುದಿಲ್ಲ. ತೊಳೆದು ತಾಟಿನ ಪಕ್ಕ ಇಟ್ಟರೆ ಮುಗಿಯಿತು, ರೊಟ್ಟಿ, ಖಾರದ ಹಿಂಡಿಯ ಜೊತೆ ಹಸಿಯಾಗಿಯೇ ತಿನ್ನುತ್ತೇವೆ. ಮೆಂತ್ಯಪಲ್ಲೆ, ಉಳ್ಳಾಗಡ್ಡಿ ತಪ್ಪಲು ಎಲ್ಲದಕ್ಕೂ ಇದೇ ಮರ್ಯಾದೆ. ಹಾಗಾಗಿ ಆಕೆ ಕೇಲ್ ಸೊಪ್ಪನ್ನೂ ತೊಳೆದು ಇಡೀ ಎಲೆಯನ್ನೇ ಎಲ್ಲರ ತಾಟಿಗೆ ಇಟ್ಟಳು. ನಾವೆಲ್ಲ ಬಾಯಿಗೆ ಹಾಕಿದೆವು. ಜಗಿದೆವು, ಇನ್ನೂ ಜಗಿದೆವು. ಮಾತಾಡಲು ಯಾರ ಬಾಯಿಯೂ ಖಾಲಿ ಇರಲಿಲ್ಲ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ.

ಮಾವ ನಗಲಿಲ್ಲ. ಹಲ್ಲು ಅರ್ಧಕ್ಕರ್ಧ ಹೋದ ಮನುಷ್ಯ, ಎಲೆಯನ್ನು ಬಾಯಿಂದ ತೆಗೆದು ಪಕ್ಕಕ್ಕಿಟ್ಟರು. ಬೆಳಿಗ್ಗೆ ಎತ್ತಿನ ಮುಂದೆಯೂ ಇದೇ ಸೊಪ್ಪು ಹಿಡಿದಿದ್ದರಂತೆ, ಎತ್ತು ಮೂಸಿ ಮುಖ ತಿರುವಿತಂತೆ. ಬೇಸಿಗೆಗೆ ಹಸಿಮೇವು ಬೇಕು, ಬಾವಿಯ ನೀರು ಇರುವುದೇ ಅಷ್ಟು ನೆಲಕ್ಕೆ, ಅದನ್ನು ಯಾರೂ ತಿನ್ನದ್ದಕ್ಕೆ ಹಾಕಿ ಕೂತರೆ ಹೇಗೆ ಎಂಬುದು ಅವರ ವಾದ. ಕೋಬಿ, ಗಜ್ಜರಿ ಬಾಗೇವಾಡಿ ಸಂತೆಯಲ್ಲಿ ಬೇಕಾದಷ್ಟು ಸಿಗುತ್ತವೆ ಎಂದೂ ಹೇಳಿದರು. ನ್ಯಾಯವಾಗಿ ನೋಡಿದರೆ ಅವರದ್ದು ಸುಳ್ಳಲ್ಲ. ಆದರೆ ಕರೆಂಟ್ ಇಲ್ಲದ ದಿನಗಳಲ್ಲಿ ಆಕೆ ಆ ಪಟ್ಟಿಗೆ ಕೊಡ ಹೊತ್ತದ್ದನ್ನು ನಾನು ಕೇಳಿ ಬಲ್ಲೆ, ನನಗೆ ಕಸಿವಿಸಿಯಾಯಿತು. ಕೊನೆಗೆ ಕೈ ತೊಳೆಯುತ್ತ ಮಾವ ಅಂದರು:

"ಚರಗದ ದಿನಾ ಈ ಸೊಪ್ಪು ಮಂದಿ ಬಾಯಿಗೆ ಹತ್ತಿದ್ರ ಇರ್ಲಿ. ಇಲ್ಲಂದ್ರ ಮರುದಿನ ಕಿತ್ತು ಮೇವು ಬಿತ್ತೂದ."

ಆಕೆ ಹೂಂ ಎಂದಳು, ಅಷ್ಟೆ. ನಾನಾಗಿದ್ದರೆ ಮನೆ ಮೇಲೆ ಕೆಳಗೆ ಮಾಡುತ್ತಿದ್ದೆ.

ಮರುದಿನ ಆಕೆ ಕೆಲಸಕ್ಕಿಳಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸೊಪ್ಪಿನ ನಡುವಿನ ದಂಟು ಹರಿದು ತೆಗೆದು, ಎಲೆಗಳನ್ನು ಸುರುಳಿ ಸುತ್ತಿ ಈಳಿಗೆಮಣೆಯ ಮೇಲೆ ಸಣ್ಣಗೆ ಹೆಚ್ಚಿದಳು. ಬಾಯಿಗಿಟ್ಟುಕೊಂಡು ತಲೆ ಅಲ್ಲಾಡಿಸಿದಳು, ಇನ್ನೂ ಪೆಡಸು. ಬಿಸಿನೀರು ಹಾಕು ಎಂದೆ. ಬೇಯಿಸಿದರೆ ಅದು ಪಲ್ಲೆ ಆಗುತ್ತದೆ, ಹಸಿಯಾಗಿಯೇ ಕಲಸುವ ಪಚಡಿ ಆಗುವುದಿಲ್ಲ ಎಂದಳು. ಅಷ್ಟರಲ್ಲಿ ರೊಟ್ಟಿ ಬಡಿಯುವ ಹೊತ್ತಾಗಿತ್ತು. ಹಿಟ್ಟು ಕಲಸಿ ನಾದುತ್ತಿದ್ದವಳು ನಡುವೆಯೇ ನಿಲ್ಲಿಸಿ, ಕೈ ಝಾಡಿಸಿ, ಸೊಪ್ಪನ್ನು ಇನ್ನೊಂದು ಪರಾತಕ್ಕೆ ಸುರಿದುಕೊಂಡಳು. ಉಪ್ಪು ಹಾಕಿ, ಒಂದು ಚಮಚ ಶೇಂಗಾ ಎಣ್ಣೆ ಬಿಟ್ಟು, ಜೋಳದ ಹಿಟ್ಟಿನ ಹಾಗೆಯೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದತೊಡಗಿದಳು. ನೋಡನೋಡುತ್ತ ಸೊಪ್ಪು ಕುಗ್ಗಿ, ಬಣ್ಣ ಗಾಢವಾಗಿ, ಮೆತ್ತಗಾಯಿತು. ಚಿಟಿಕೆ ಎತ್ತಿ ಬೆರಳಲ್ಲಿ ಹಿಡಿದೆ. ಹತ್ತು ವರ್ಷ ಒಗೆದ ಕಾಟನ್ ಸೀರೆ. ಆ ಕ್ಷಣಕ್ಕೆ ಆಕೆಯ ಮೇಲೆ ಬಂದ ಅಭಿಮಾನ, ಸ್ವಲ್ಪ ಹೊಟ್ಟೆಕಿಚ್ಚೂ ಸೇರಿದಂತೆ, ಇನ್ನೂ ಇಳಿದಿಲ್ಲ.

ಆಮೇಲಿನದು ನನಗೂ ಗೊತ್ತಿದ್ದ ದಾರಿ. ಸಿಂದಗಿಯ ನನ್ನ ತವರಿನಲ್ಲಿ ಪಚಡಿ ಇಲ್ಲದ ಊಟವೇ ಇರಲಿಲ್ಲ. ಕೋಬಿಯನ್ನು ನೂಲಿನಂತೆ ಹೆಚ್ಚಿದೆ, ಗಜ್ಜರಿ ತುರಿದೆ. ಹುರಿದ ಶೇಂಗಾದ ಪುಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಆದವು. ಹುಳಿಗೆ ಇಂಡಿಯಿಂದ ನಾನೇ ಒಯ್ದ ನಿಂಬೆಹಣ್ಣು. ನಮ್ಮೂರಿನ ನಿಂಬೆಯ ಮುಂದೆ ಉಳಿದೂರಿನವು ಬರೀ ನೀರು, ಇದರಲ್ಲಿ ವಾದಕ್ಕೆ ಬರಬೇಡಿ. ಸೊಪ್ಪು, ಕೋಬಿ, ಗಜ್ಜರಿ ಕೂಡಿಸಿ ಸಾಸಿವೆ ಒಗ್ಗರಣೆ ಕೊಟ್ಟು ತಿಂದು ನೋಡಿದೆವು. ಇಬ್ಬರೂ ಮತ್ತೊಮ್ಮೆ ಕೈ ಹಾಕಿದೆವು. ಆದರೂ ಆಕೆಗೆ ಸಮಾಧಾನವಿರಲಿಲ್ಲ. ಕಂಡರಿಯದ ಸೊಪ್ಪನ್ನು ಮೊದಲ ತುತ್ತಿಗೇ ಹಸಿಯಾಗಿ ಕೊಟ್ಟರೆ ಮಂದಿ ಹಿಂಜರಿಯುತ್ತಾರೆ, ಮೊದಲು ಬಿಸಿಬಿಸಿ ವಡೆಯಲ್ಲಿ ರುಚಿ ಹಚ್ಚಬೇಕು ಎಂದಳು. ಕೋಬಿ, ಗಜ್ಜರಿ, ಕೇಲ್ ಮೂರನ್ನೂ ಕಡಲೆಹಿಟ್ಟಿನಲ್ಲಿ ಕಲಸಿ, ತೆಳ್ಳಗೆ ತಟ್ಟಿ, ಹೊಲದಲ್ಲೇ ಕಾವಲಿಯ ಮೇಲೆ ಕಾಯಿಸಿ ಕೊಡುವುದೆಂದು ಠರಾಯಿಸಿದೆವು.

ಅಮಾವಾಸ್ಯೆಯ ದಿನ ನಸುಕಿನಲ್ಲೇ ಎದ್ದು ಮಿಂದು ಮಡಿಯಲ್ಲಿ ಅಡಿಗೆ ಮುಗಿಸಿದೆವು. ನಮ್ಮ ಮನೆಯ ಪದ್ಧತಿಯಂತೆ ಅಂದು ಹೊಲಕ್ಕೆ ಒಣ ಹಿಟ್ಟು ಒಯ್ಯುವುದಿಲ್ಲ, ಕಲಸುವುದು ಹದ ಮಾಡುವುದು ಎಲ್ಲ ಮನೆಯಲ್ಲೇ ಆಗಬೇಕು. ಅದಕ್ಕೇ ವಡೆಯ ಮಿಶ್ರಣವನ್ನೂ ಉಪ್ಪು ಹಾಕಿ ಕಲಸಿ, ಬೋಗುಣಿಯಲ್ಲಿ ಮುಚ್ಚಿ, ಸಜ್ಜೆ ಕಡುಬು, ಕಟಕು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಭಜ್ಜಿ ಪಲ್ಲೆಗಳ ಜೊತೆ ಟ್ರ್ಯಾಕ್ಟರಿಗೇರಿಸಿದೆವು. ಪಚಡಿ ನೀರಾಗದಿರಲೆಂದು ಸೊಪ್ಪು ಬೇರೆ, ಕೋಬಿ ಬೇರೆ ಇಟ್ಟುಕೊಂಡಿದ್ದೆವು. ಅಷ್ಟು ಜಾಣತನ ಅಲ್ಲಿತ್ತು, ವಡೆಯ ವಿಷಯದಲ್ಲಿ ಇಬ್ಬರಿಗೂ ಹೊಳೆಯಲೇ ಇಲ್ಲ.

ಪೂಜೆಯಾಯಿತು. ಮಾವ ಮತ್ತು ಮೈದುನ ಚರಗ ಚೆಲ್ಲುತ್ತ ಹೊಲ ಸುತ್ತಲು ಹೋದರು. ಮೂರು ಕಲ್ಲಿನ ಒಲೆ ಹೊತ್ತಿಸಿ ಬೋಗುಣಿಯ ಮುಚ್ಚಳ ತೆಗೆದರೆ, ಉಪ್ಪಿಗೆ ಕೋಬಿ ಗಜ್ಜರಿ ನೀರು ಬಿಟ್ಟು, ಟ್ರ್ಯಾಕ್ಟರಿನ ಕುಲುಕಾಟ ಬೇರೆ ಸೇರಿ, ಎಲ್ಲ ನೀರಲ್ಲಿ ತೇಲುತ್ತಿತ್ತು. ತಟ್ಟಲು ಹೋದರೆ ಬೆರಳ ಸಂದಿಯಿಂದ ಸೋರುತ್ತಿತ್ತು. ಹಿಂಡಿ ನೋಡಿದೆವು, ಹಿಟ್ಟೆಲ್ಲ ನೀರಿನ ಜೊತೆ ಹೊರಟಿತು. ಮೇಲೆ ಬೆರೆಸಲು ಹೊಲದಲ್ಲಿ ಚಿಟಿಕೆ ಹಿಟ್ಟೂ ಇರಲಿಲ್ಲ. ಊರವರು ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು. ಪಕ್ಕದ ಹೊಲದ ಮುಸಲ್ಮಾನರ ಮನೆಯ ಹಿರಿಯಮ್ಮ, ಅತ್ತೆಯ ಕಾಲದಿಂದಲೂ ಪ್ರತಿವರ್ಷ ಚರಗಕ್ಕೆ ಬರುವವರು, ಆಗಲೇ ಒಲೆಯ ಹತ್ತಿರ ಬಂದು ಬಗ್ಗಿ ನೋಡಿದರು. ಆಡಿಕೊಳ್ಳದೆ ಇದ್ದದ್ದಕ್ಕೆ ಅವರಿಗೆ ಒಳ್ಳೆಯದಾಗಲಿ.

ಓರಗಿತ್ತಿಯ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಂಡಿತು. ಆಕೆ ಎದ್ದು ಬುತ್ತಿಯ ಬಟ್ಟೆ ಬಿಚ್ಚಿ, ಕಟಕು ರೊಟ್ಟಿಗಳನ್ನು ಹೊರತೆಗೆದು, ಪರಾತದಲ್ಲಿ ಹಾಕಿ ಎರಡೂ ಕೈಯಿಂದ ಪಟಪಟನೆ ಮುರಿಯತೊಡಗಿದಳು. ಮಾಗಿಯ ಬಿಸಿಲಿಗೆ ಒಣಗಿ ಹಪ್ಪಳದಂತಿದ್ದ ಎಳ್ಳು ಹಚ್ಚಿದ ರೊಟ್ಟಿ. ಹಬ್ಬದ ರೊಟ್ಟಿಯನ್ನು ಹೀಗೆ ಪುಡಿ ಮಾಡುವುದನ್ನು ಮಾವ ಕಂಡರೆ ಎಂದು ನಾನು ಹೊಲದ ಕಡೆಗೇ ಒಂದು ಕಣ್ಣಿಟ್ಟಿದ್ದೆ. ಹಿರಿಯಮ್ಮ ಮಾತ್ರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಂಬಿಗೆಯ ಬುಡದಿಂದ ರೊಟ್ಟಿಯ ಚೂರನ್ನು ಇನ್ನೂ ಸಣ್ಣಗೆ ಅರೆದುಕೊಟ್ಟರು. ಪುಡಿಯನ್ನು ಬೋಗುಣಿಗೆ ಸುರಿದು ಕಲಸಿ ಬಿಟ್ಟೆವು. ಬಾಯಾರಿದ ರೊಟ್ಟಿ ನೀರನ್ನೆಲ್ಲ ಕುಡಿದುಬಿಟ್ಟಿತು. ಉಂಡೆ ಕಟ್ಟಿದರೆ ಉಂಡೆ, ತಟ್ಟಿದರೆ ವಡೆ.

ಕಾವಲಿಗೆ ಬಿದ್ದ ವಡೆಯ ಅಂಚಿನಲ್ಲಿ ಕೇಲ್ ಸೊಪ್ಪು ಗರಿಗರಿಯಾಗಿ ಕೆಂಪೇರುತ್ತಿತ್ತು, ಎಳ್ಳು ಚಿಟಚಿಟ ಅನ್ನುತ್ತಿತ್ತು, ಆ ವಾಸನೆಗೆ ದೂರದ ಬದುವಿನ ಮೇಲಿದ್ದವರೂ ತಿರುಗಿ ನೋಡಿದರು. ಬರೀ ಕಡಲೆಹಿಟ್ಟಿನಲ್ಲಿ ಮಾಡಿದ್ದರೆ ಮೆತ್ತಗಾಗುತ್ತಿತ್ತು. ಈ ಗರಿಗರಿ ರೊಟ್ಟಿಯದ್ದು. ಮಾವ ಬಂದು ಕೂತಾಗ ಆಕೆ ಎರಡು ವಡೆ ಬಡಿಸಿ, ಪಕ್ಕದಲ್ಲಿ ಪಚಡಿ ಹಾಕಿ, ಒಲೆಯ ಹತ್ತಿರ ವಾಪಸು ಹೋಗಿ ಬೆನ್ನು ತಿರುವಿ ಕೂತಳು. ನೋಡುವ ಧೈರ್ಯ ಆಕೆಗಿರಲಿಲ್ಲ. ಆಕೆಯ ಪಾಲಿನದ್ದನ್ನೂ ನಾನೇ ನೋಡಿದೆ.

ಮಾವ ವಡೆ ಮುರಿದು ಬಾಯಿಗೆ ಹಾಕಿಕೊಂಡರು. ಅಂಗಡಿಗೆ ಬಂದ ಗಿರಾಕಿ ಬಟ್ಟೆ ಜಗ್ಗಿ ನೋಡುವಂತೆ ನಿಧಾನವಾಗಿ ಜಗಿದರು. ಇನ್ನೊಂದನ್ನೂ ಮುಗಿಸಿದರು. ಆಮೇಲೆ ರೊಟ್ಟಿಯ ತುಂಡಿನಲ್ಲಿ ಪಚಡಿ ಎತ್ತಿದರು. ನಾದಿದ ಸೊಪ್ಪು ಅವರ ಉಳಿದ ಹಲ್ಲಿಗೂ ಒಗ್ಗಿತು. ತಾಟನ್ನು ಮುಂದೆ ನೂಕಿದರು, ನಾನು ಮತ್ತೆ ಹಾಕಿದೆ. ಸಾಲಿನಲ್ಲಿ ಕೂತವರು ಅದು ಯಾವ ಸೊಪ್ಪು ಎಂದು ಕೇಳಿಕೊಂಡು ಕೇಳಿಕೊಂಡು ಉಂಡರು. ಹಿರಿಯಮ್ಮ ತಮ್ಮ ಮನೆಗೂ ಒಂದು ಕಟ್ಟು ಬೇಕೆಂದರು. ಪಚಡಿಯ ಬೋಗುಣಿ ಕಡುಬಿಗಿಂತ ಮೊದಲೇ ಖಾಲಿಯಾಯಿತು. ಆದರೆ ಮಾವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎಲೆಅಡಿಕೆ ಹಾಕಿಕೊಂಡು ಗಿಡದ ನೆರಳಿಗೆ ಹೋಗಿ ಅಡ್ಡಾದರು. ನನಗೆ ಮೈ ಉರಿಯಿತು. ಒಂದು ಮಾತು ಆಡಿದ್ದರೆ ಬಾಯಲ್ಲಿನ ಅಡಿಕೆ ಉದುರುತ್ತಿತ್ತೇ.

ಹೊತ್ತು ಇಳಿದಾಗ ಟ್ರ್ಯಾಕ್ಟರಿಗೆ ಸಾಮಾನು ಏರಿಸುತ್ತಿದ್ದೆವು. ಓರಗಿತ್ತಿ ಬಾವಿಯ ಕಟ್ಟೆಯ ಹತ್ತಿರ ಬೂದಿ ಹಚ್ಚಿ ಕಾವಲಿ ತಿಕ್ಕುತ್ತಿದ್ದಳು. ಮೈದುನ ಮಾವನ ಹತ್ತಿರ ಹೋಗಿ, ನಾಳೆ ಬಾವಿ ಪಟ್ಟಿಗೆ ಏನು ಮಾಡುವುದೆಂದು ಕೇಳಿದ. ಮಾವ ರುಮಾಲು ಝಾಡಿಸಿ ತಲೆಗೆ ಸುತ್ತಿಕೊಳ್ಳುತ್ತ ಅಂದರು:

"ನನಗೇನ ಕೇಳ್ತಿ? ಅದು ಆಕಿ ಹೊಲ. ಆಕಿನ್ನ ಕೇಳು."

ನಾನು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. ಆ ಮನೆಯಲ್ಲಿ ಹುಣಸೆಗಿಡದ ಹೊಲ ಉಂಟು, ಹಳ್ಳದ ಹೊಲ ಉಂಟು, ಅಜ್ಜ ಮುತ್ತಜ್ಜಂದಿರ ಹೆಸರಿನ ಹೊಲಗಳೂ ಉಂಟು. ಅತ್ತೆ ಅದೇ ಮಣ್ಣಿನಲ್ಲಿ ಬಾಳೆಲ್ಲ ದುಡಿದರು. ಆದರೆ ಒಂದು ಗೇಣು ನೆಲವನ್ನಾದರೂ ಆಕಿದು ಎಂದು ಯಾರೂ ಕರೆದದ್ದನ್ನು ನಾನು ಕೇಳಿರಲಿಲ್ಲ.

ಮೈದುನ ಬಾವಿಯ ಕಡೆಗೆ ಹೋದ. ನಾನೂ ಹಿಂದೆಯೇ ಹೋದೆ. ಪಟ್ಟಿಗೆ ಏನು ಹಾಕೋಣ ಎಂದು ಕೇಳಿದ. ಆಕೆ ತಲೆ ಎತ್ತಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡಿದ್ದಳು, ಪಾಪ. ಮಾವ ಹೇಳಿದ್ದನ್ನೇ ಬಿತ್ತಿರಿ ಎಂದಳು.

"ಅಪ್ಪ ನಿನ್ನ ಕೇಳಂತ ಅಂದ," ಎಂದ ಮೈದುನ. "ನಿನ್ನ ಹೊಲಂತ."

ತಿಕ್ಕುವ ಕೈ ನಿಂತಿತು. ನನ್ನ ಮುಖ ನೋಡಿದಳು. ಹೌದೆಂದು ಗೋಣು ಹಾಕಿದೆ. ಆಕೆ ಮೊಣಕೈಯಿಂದ ಕಣ್ಣೊರೆಸಿಕೊಂಡು, ಆ ಸಾಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ಗಂಡನಿಗೆ ಹೇಳಿದಳು:

"ಅರ್ಧಕ್ಕ ಮೇವು ಹಾಕ್ರಿ. ಎತ್ತೂ ಉಣಬೇಕಲ್ರಿ."