ಬಂಕರಿನವರಿಗೂ ಮುಯ್ಯಾಳು

ವಳಕಮದಿನ್ನಿಗೆ ಪಂಪ್‌ಸೆಟ್ ರಿಪೇರಿಗೆ ಹೋದಾಗ, ಭತ್ತದ ನಾಟಿಗೆ ಬಂದಿದ್ದ ಹೆಣ್ಮಕ್ಕಳು ಬದುವಿನ ಮೇಲೆ ಕೂಡಿಸಿ ರೊಟ್ಟಿ ಕೊಟ್ಟರು. ನಾನು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ: ಪ್ರಳಯ ಬಂದರೆ ಅಡಗಿಕೊಳ್ಳಲು ಕೋಟ್ಯಧಿಪತಿಗಳು ನೆಲದೊಳಗೆ ಕಟ್ಟಿಸಿಕೊಂಡ ಬಂಕರ್.

"ಅಲ್ಲಿ ಕೆಲಸ ಯಾರು ಮಾಡ್ತಾರ್ರೀ?" ಎಂದು ಹಿರಿಯಾಕೆ ಹುಸೇನಮ್ಮ ಕೇಳಿದಳು.

"ಆಳು ಇರ್ತಾರಮ್ಮ."

"ಜಗತ್ತ ಮುಳುಗಿದ ಮ್ಯಾಲ ಇವರ ರೊಕ್ಕಕ್ಕ ಯಾವ ಆಳು ಬರ್ತಾನ? ಮುಯ್ಯಾಳು ಕಲೀಲಿ. ಇವತ್ತು ನಿನ್ನ ಹೊಲಕ್ಕ ನಾ, ನಾಳೆ ನನ್ನ ಹೊಲಕ್ಕ ನೀ. ಕಲಿತ್ರ ಬದುಕ್ತಾರ ತಗೋರಿ."

"ದೊಡ್ಡ ಮಂದಿಗೆ ಅದೆಲ್ಲಾ ಎಲ್ಲಿ ಬರತೈತಿ?" ಎಂದು ನಕ್ಕೆ.

ಆಕೆ ನನ್ನ ಕೈಗೆ ಸಸಿಯ ಕಟ್ಟು ಕೊಟ್ಟಳು. "ರೊಟ್ಟಿ ತಿಂದೀರಲ್ಲ, ಇಳೀರಿ."

ಪ್ಯಾಂಟು ಮಡಚಿ ಕೆಸರಿಗೆ ಇಳಿದೆ. ನಾನು ಹಚ್ಚಿದ ಸಾಲು ಹಾವಿನಂತೆ ಹರಿಯಿತು. ಹುಸೇನಮ್ಮ ಅದನ್ನು ನೋಡಿ, "ನೀವ ಕಲಿಯಾಕತ್ತೀರಿ ಅಂದ್ರ, ಅವರೂ ಕಲೀತಾರ ಬಿಡ್ರಿ" ಎಂದಳು.